ನಾನೇ ಎಳೆದ ಚುಕ್ಕೆ ಗೆರೆ

ಹೋದ ವಾರ ತಂಗಿಯ ಮಗಳು ಫೋನಿಗೊಂದು ಚಿತ್ರ ಕಳಿಸಿದಳು. ಹೊಸದಾಗಿ ಕಟ್ಟುತ್ತಿರುವ ಅಪಾರ್ಟ್‌ಮೆಂಟೊಂದರ ಬ್ರೋಷರ್. ಈಜುಕೊಳ, ನಗುವ ಮಕ್ಕಳು, ಎಲ್ಲೂ ಇಲ್ಲದಷ್ಟು ನೀಲಿ ಆಕಾಶ. ಕೆಳಮೂಲೆಯಲ್ಲೊಂದು ಪುಟ್ಟ ನಕ್ಷೆ. ಅದರಲ್ಲಿ ದಪ್ಪನೆಯ ನೇರಳೆ ಗೆರೆ, ಗೆರೆಯ ಮೇಲೊಂದು ಬಿಳಿ ಬೊಟ್ಟು, ಪಕ್ಕದಲ್ಲಿ ‘ಉದ್ದೇಶಿತ ರೈಲು ನಿಲ್ದಾಣ, 5 ನಿಮಿಷ’ ಎಂಬ ಬರಹ. ಚಿತ್ರದ ಹಿಂದೆಯೇ ಅವಳ ಪ್ರಶ್ನೆ ಬಂತು: “ದೊಡ್ಡಮ್ಮ, ನೀವು ನಕ್ಷೆಯವರಲ್ವಾ, ಇದನ್ನ ನಂಬಬಹುದಾ?”

ನಾನು ಉತ್ತರ ಬರೆಯಲು ಕೂತೆ, ಅಳಿಸಿದೆ, ಮತ್ತೆ ಬರೆದೆ. ಕೊನೆಗೆ “ಭಾನುವಾರ ಬರ್ತೀನಿ, ಇಬ್ಬರೂ ನಡೆದು ನೋಡೋಣ” ಎಂದಷ್ಟೇ ಕಳಿಸಿದೆ. ‘ಉದ್ದೇಶಿತ’ ಎಂಬ ಪದದ ಜೊತೆ ನನ್ನದು ಹಳೆಯ ಲೆಕ್ಕ. ಅದನ್ನು ಫೋನಿನಲ್ಲಿ ಹೇಳಿ ಮುಗಿಸಲಾಗದು. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಾನು ಮೂವತ್ತೊಂದು ವರ್ಷ ನಗರ ಯೋಜನೆಯ ಕಚೇರಿಯೊಂದರಲ್ಲಿ ನಕ್ಷೆ ಬರೆದವಳು. ಹುದ್ದೆಯ ಹೆಸರು ಡ್ರಾಫ್ಟ್ಸ್‌ಮನ್. ನಿವೃತ್ತಿಯ ಆದೇಶದಲ್ಲೂ ‘ಮನ್’ ಎಂದೇ ಇತ್ತು, ತಿದ್ದಿಸುವ ಗೋಜಿಗೆ ನಾನು ಹೋಗಲಿಲ್ಲ. ಸೇರಿದಾಗ ಕಂಪ್ಯೂಟರ್ ಇರಲಿಲ್ಲ. ಟ್ರೇಸಿಂಗ್ ಹಾಳೆ, ಕಪ್ಪು ಇಂಕಿನ ಪೆನ್ನು, ತಪ್ಪಾದರೆ ಹೆರೆದು ತೆಗೆಯಲು ಬ್ಲೇಡು, ಇಷ್ಟೇ ನಮ್ಮ ಆಸ್ತಿ. ಒಂದೇ ಮಹಡಿಯಲ್ಲಿ ಎರಡು ಕೋಣೆಗಳು. ನಮ್ಮ ಕೋಣೆಯಲ್ಲಿ ಭೂಬಳಕೆ: ವಸತಿಗೆ ಹಳದಿ, ಕೈಗಾರಿಕೆಗೆ ನೇರಳೆ, ಉದ್ಯಾನಕ್ಕೆ ಹಸಿರು. ಗೋಡೆಯಾಚೆಗಿನ ಕೋಣೆಯಲ್ಲಿ ಸಾರಿಗೆ: ರಸ್ತೆ, ರೈಲು, ಬಸ್ ನಿಲ್ದಾಣ. ಎರಡು ಕೋಣೆಗೂ ಬೇರೆ ಬೇರೆ ಮುಖ್ಯಸ್ಥರು, ಬೇರೆ ಬೇರೆ ಕಡತ. ಹೆಚ್ಚಿನ ತಮಾಷೆಯೆಂದರೆ ಅಳತೆಯ ಪ್ರಮಾಣವೂ ಬೇರೆ. ನಮ್ಮದು 1:10,000, ಅವರದು 1:25,000. ಅಂದರೆ ನಮ್ಮ ಹಾಳೆಯ ಒಂದು ಸೆಂಟಿಮೀಟರ್ ನೆಲದ ಮೇಲೆ 100 ಮೀಟರ್, ಅವರ ಹಾಳೆಯ ಒಂದು ಸೆಂಟಿಮೀಟರ್ 250 ಮೀಟರ್. ಒಂದರ ಮೇಲೊಂದು ಇಟ್ಟು ನೋಡಲು ಆಗುತ್ತಲೇ ಇರಲಿಲ್ಲ. ಯಾರೂ ನೋಡಬೇಕೆಂದು ಕೇಳಲೂ ಇಲ್ಲ.

ಒಂದು ಸಲ ಆಚೆ ಕೋಣೆಯಲ್ಲಿ ಕೈ ಕಡಿಮೆಯಾಗಿ ಎರಡು ತಿಂಗಳು ನನ್ನನ್ನು ಅಲ್ಲಿಗೆ ಕಳಿಸಿದರು. ಹೊಸ ರೈಲು ಮಾರ್ಗದ ಗೆರೆ ಎಳೆದದ್ದು ಆಗಲೇ. ಇರುವ ಹಳಿಗೆ ಅಖಂಡ ಗೆರೆ, ಬರಲಿರುವುದಕ್ಕೆ ಚುಕ್ಕೆ ಗೆರೆ. ಎಂಜಿನಿಯರು ಪೆನ್ಸಿಲಿನಲ್ಲಿ ಗುರುತು ಹಾಕಿದ್ದನ್ನು ನಾನು ಒಂದು ಮಿಲಿಮೀಟರ್ ದಪ್ಪದ ಇಂಕಿನಲ್ಲಿ ತಿದ್ದಿದೆ. ಆ ಪ್ರಮಾಣದಲ್ಲಿ ಒಂದು ಮಿಲಿಮೀಟರ್ ಎಂದರೆ ನೆಲದ ಮೇಲೆ 25 ಮೀಟರ್ ಅಗಲ. ನನ್ನ ಪೆನ್ನಿನ ಮೊನೆಯಡಿ ಸಾಲು ಮನೆಗಳ ಒಂದು ಬೀದಿಯೇ ಮುಚ್ಚಿಹೋಗುತ್ತಿತ್ತು. ಅದು ಮೊದಲ ದಿನ ಅರಿವಿಗೆ ಬಂದು ಕೈ ನಡುಗಿತ್ತು. ಮೂರನೆಯ ದಿನ ಅಭ್ಯಾಸವಾಯಿತು. ಆ ಅಭ್ಯಾಸ ನನಗೀಗ ಹಿಡಿಸುವುದಿಲ್ಲ, ಆದರೆ ಹಾಗಾದದ್ದು ನಿಜ.

ಕೆಲಸ ಮುಗಿಯುವ ಹೊತ್ತಿಗೆ ಕುತೂಹಲ ತಡೆಯಲಾಗಲಿಲ್ಲ. ಒಂದು ಸಂಜೆ ಎಲ್ಲರೂ ಹೋದ ಮೇಲೆ ನಮ್ಮ ಹಳದಿ ನಕ್ಷೆಯ ತುಂಡನ್ನು ಜೆರಾಕ್ಸ್ ಯಂತ್ರದಲ್ಲಿ ಶೇಕಡಾ 63ಕ್ಕೆ ಇಳಿಸಿ, ಆ ಪ್ರತಿಯನ್ನು ಮತ್ತೆ ಶೇಕಡಾ 63ಕ್ಕೆ ಇಳಿಸಿದೆ. ಎರಡು ಸಲ ಇಳಿಸಿದರೆ ಹೆಚ್ಚುಕಡಿಮೆ ಶೇಕಡಾ 40, ಅಂದರೆ 1:10,000 ಹೋಗಿ 1:25,000. ಲೈಟ್ ಟೇಬಲ್ಲಿನ ಮೇಲೆ ಎರಡನ್ನೂ ಹಾಸಿ ದೀಪ ಹಾಕಿದೆ. ಪ್ರತಿ ನಿಲ್ದಾಣದ ಬೊಟ್ಟಿನ ಮೇಲೆ ಕೈವಾರ ಊರಿ 3.2 ಸೆಂಟಿಮೀಟರಿನ ವೃತ್ತ ಎಳೆದೆ. ಅದು 800 ಮೀಟರ್, ಆರೋಗ್ಯವಂತರು ಹತ್ತು ನಿಮಿಷದಲ್ಲಿ ನಡೆಯುವ ದೂರ. ರೈಲು ನಿಲ್ದಾಣಕ್ಕೆ ಜನ ಬೇಸರವಿಲ್ಲದೆ ನಡೆದು ಬರುವುದು ಸುಮಾರು ಅಷ್ಟೇ ದೂರ.

ಏಳು ವೃತ್ತಗಳು. ಎರಡರಲ್ಲಿ ಮಾತ್ರ ಹಳದಿ ತುಂಬಿತ್ತು. ಒಂದರೊಳಗೆ ಬರೀ ಗೋದಾಮು. ಮತ್ತೊಂದರೊಳಗೆ ಕಲ್ಲು ಕ್ವಾರಿ. ಉಳಿದವುಗಳಲ್ಲಿ ಹಳದಿ ಅಂಚಿಗೆ ತಾಗಿಕೊಂಡು ಕೂತಿತ್ತು, ಒಳಗೆ ಬರಲು ನಾಚುವ ನೆಂಟರ ಹಾಗೆ. ನಾವು ಮುಂದಿನ ಇಪ್ಪತ್ತು ವರ್ಷಕ್ಕೆಂದು ತೀಡಿದ ವಸತಿಯ ದೊಡ್ಡ ದೊಡ್ಡ ಹಳದಿ ತೇಪೆಗಳೆಲ್ಲ ಯಾವ ಗೆರೆಯೂ ಮುಟ್ಟದ ಕಡೆ ಬಿದ್ದಿದ್ದವು. ಅಲ್ಲಿ ಜಮೀನು ಅಗ್ಗ. ಬೇರೆ ಕಾರಣವೇ ಇರಲಿಲ್ಲ.

ಆ ವೃತ್ತದ ಗಣಿತ ಸಣ್ಣದು, ಒಮ್ಮೆ ಮಾಡಿದರೆ ಮರೆಯುವುದಿಲ್ಲ. 800 ಮೀಟರ್ ತ್ರಿಜ್ಯದ ವೃತ್ತ ಎಂದರೆ ಎರಡು ಚದರ ಕಿಲೋಮೀಟರ್, 200 ಹೆಕ್ಟೇರ್. ಹೆಕ್ಟೇರಿಗೆ 50 ಜನ ಇದ್ದರೆ ಆ ನಿಲ್ದಾಣಕ್ಕೆ ನಡೆದು ಬರಬಲ್ಲವರು 10,000. ಹೆಕ್ಟೇರಿಗೆ 300 ಜನ ಇದ್ದರೆ 60,000. ಹಳಿ ಹಾಕುವ ಖರ್ಚು ಎರಡಕ್ಕೂ ಒಂದೇ. ಒಂದರಲ್ಲಿ ಐದು ನಿಮಿಷಕ್ಕೊಂದು ರೈಲು ಓಡಿಸಬಹುದು, ಇನ್ನೊಂದರಲ್ಲಿ ಅರ್ಧ ಗಂಟೆಗೊಂದು ಓಡಿಸಿದರೂ ಸೀಟು ಖಾಲಿ. ಆಮೇಲೆ ‘ನಮ್ಮ ಜನ ರೈಲು ಹತ್ತುವುದಿಲ್ಲ’ ಎಂದು ವರದಿ ಬರುತ್ತದೆ. ಹತ್ತಲು ಜನ ಅಲ್ಲಿ ವಾಸ ಇರಬೇಕಲ್ಲ, ಸ್ವಾಮಿ.

ಮರುದಿನ ಆ ಹಾಳೆಯನ್ನು ಮುಖ್ಯಸ್ಥರಿಗೆ ತೋರಿಸಿದೆ. ಅವರು ತುಂಬಾ ಹೊತ್ತು ನೋಡಿದರು. “ಚೆನ್ನಾಗಿದೆ. ಆದರೆ ಇದು ಯಾವ ಕಡತಕ್ಕೆ ಸೇರುತ್ತೆ?” ಎಂದರು. ಕೆಟ್ಟ ಮನುಷ್ಯರಲ್ಲ, ನಿಜವಾಗಿಯೂ ಅವರಿಗೆ ಅದೇ ತೊಡಕಾಗಿತ್ತು.

ಇಷ್ಟೆಲ್ಲ ಕಣ್ಣಾರೆ ಕಂಡವಳು ಮಾಡಿದ್ದೇನು? ಆ ಚುಕ್ಕೆ ಗೆರೆಯ ಪಕ್ಕದಲ್ಲೇ ಮನೆ ಕೊಂಡೆ.

ನಗಬೇಡಿ. ಬಾಡಿಗೆ ಏರುತ್ತಿತ್ತು, ಮಕ್ಕಳು ಬೆಳೆಯುತ್ತಿದ್ದರು, ಊರ ಅಂಚಿನಲ್ಲಿ ನಮ್ಮ ಕೈಗೆಟುಕುವ ಮನೆಯೊಂದಿತ್ತು. ‘ಐದು ವರ್ಷದಲ್ಲಿ ರೈಲು ಬರುತ್ತೆ, ನಾನೇ ಬರೆದಿದ್ದೀನಿ’ ಎಂದು ಯಜಮಾನರಿಗೆ ಧೈರ್ಯ ಹೇಳಿದವಳೂ ನಾನೇ. ಹಳೆಯ ಬಾಡಿಗೆ ಮನೆಯಿಂದ ಕಚೇರಿಗೆ ಮೂವತ್ತೈದು ನಿಮಿಷವಾಗುತ್ತಿತ್ತು. ಹೊಸ ಮನೆಯಿಂದ ಎರಡು ಬಸ್ಸು, ನಡುವೆ ಕಾಯುವುದು, ಒಟ್ಟು ಒಂದು ಗಂಟೆ ಐವತ್ತು ನಿಮಿಷ. ಒಂದು ಕಡೆಗೆ.

ನನ್ನಲ್ಲಿ ಮನೆಖರ್ಚಿನ ಪುಸ್ತಕ ಬರೆಯುವ ಚಟ ಇದೆ. ಬಾಡಿಗೆ ಮನೆಯಲ್ಲಿದ್ದಾಗ ನಮ್ಮಿಬ್ಬರ ಸಂಬಳದಲ್ಲಿ ಬಾಡಿಗೆಗೆ ಶೇಕಡಾ 33, ಓಡಾಟಕ್ಕೆ ಶೇಕಡಾ 6. ಹೊಸ ಮನೆಯಲ್ಲಿ ಸಾಲದ ಕಂತಿಗೆ ಶೇಕಡಾ 27. ಉಳಿತಾಯವಾಯಿತೆಂದು ಮೊದಲ ತಿಂಗಳು ಹಿಗ್ಗಿದ್ದೆ. ಆಮೇಲೆ ಬಸ್ ಪಾಸು, ಬಸ್ ಇಲ್ಲದ ಹೊತ್ತಿನ ಬಾಡಿಗೆ ಗಾಡಿ, ಒಂದು ವರ್ಷದಲ್ಲಿ ಯಜಮಾನರಿಗೆ ದ್ವಿಚಕ್ರ ವಾಹನ, ಮೂರನೆಯ ವರ್ಷ ಒಂದು ಹಳೆಯ ಕಾರು. ಓಡಾಟದ ಕಾಲಂ ಶೇಕಡಾ 19ಕ್ಕೆ ಹೋಗಿ ನಿಂತಿತು. 39 ಇದ್ದದ್ದು 46 ಆಯಿತು. ಬಹಳ ವರ್ಷಗಳ ನಂತರ ಅಮೆರಿಕದ ಶಿಕಾಗೋದ ಸೆಂಟರ್ ಫಾರ್ ನೇಬರ್‌ಹುಡ್ ಟೆಕ್ನಾಲಜಿ ಎಂಬ ಸಂಸ್ಥೆಯ ಸೂಚ್ಯಂಕದ ಬಗ್ಗೆ ಓದಿದೆ. ಮನೆಯ ಖರ್ಚನ್ನೂ ಓಡಾಟದ ಖರ್ಚನ್ನೂ ಕೂಡಿಸಿಯೇ ಮನೆ ಕೈಗೆಟುಕುತ್ತದೋ ಇಲ್ಲವೋ ಹೇಳಬೇಕು, ಎರಡೂ ಸೇರಿ ಆದಾಯದ ಶೇಕಡಾ 45 ದಾಟಬಾರದು ಎಂಬುದು ಅವರ ಅಳತೆಗೋಲು. ನನ್ನ ಪುಸ್ತಕ ಅದನ್ನೇ ಹೇಳುತ್ತಿತ್ತು, ಶೇಕಡಾ ಒಂದರಷ್ಟು ಗೆರೆ ದಾಟಿ.

ದುಡ್ಡಿನ ಲೆಕ್ಕ ಹಾಗಿರಲಿ, ಹೊತ್ತಿನ ಲೆಕ್ಕ ಅದಕ್ಕಿಂತ ಕ್ರೂರ. ಇಟಲಿಯ ಭೌತವಿಜ್ಞಾನಿ ಚೇಸರೆ ಮಾರ್ಕೆಟ್ಟಿ 1994ರಲ್ಲಿ ಒಂದು ಮಾತು ಮುಂದಿಟ್ಟರು. ನಡೆಯುವ ಕಾಲವಿರಲಿ, ರೈಲಿನ ಕಾಲವಿರಲಿ, ಮನುಷ್ಯ ದಿನಕ್ಕೆ ಸರಾಸರಿ ಒಂದು ಗಂಟೆ ಓಡಾಟಕ್ಕೆ ಕೊಡುತ್ತಾನೆ, ವಾಹನ ವೇಗವಾದರೆ ಸಮಯ ಉಳಿಸುವುದಿಲ್ಲ, ದೂರ ಹೋಗಿ ಮನೆ ಮಾಡುತ್ತಾನೆ ಎಂದು. ಯಾಕೋವ್ ಜಹಾವಿ ಎಂಬ ಸಾರಿಗೆ ಸಂಶೋಧಕರ ಲೆಕ್ಕಗಳ ಮೇಲೆ ನಿಂತ ಮಾತು ಅದು. ಊರುಗಳು ಯಾಕೆ ಅಷ್ಟಷ್ಟೇ ಹಿಗ್ಗುತ್ತವೆ ಎಂಬುದಕ್ಕೆ ಇದಕ್ಕಿಂತ ಸರಳ ವಿವರಣೆ ನಾನು ಕಂಡಿಲ್ಲ. ಕಾಲ್ನಡಿಗೆಯ ಪಟ್ಟಣ ಅರ್ಧ ಗಂಟೆಯ ನಡಿಗೆಯಷ್ಟು, ರೈಲಿನ ನಗರ ಅರ್ಧ ಗಂಟೆಯ ಹಳಿಯಷ್ಟು. ನಾನು ದಿನಕ್ಕೆ ಮೂರು ಗಂಟೆ ನಲವತ್ತು ನಿಮಿಷ ಕೊಡುತ್ತಿದ್ದೆ. ಸರಾಸರಿ ಎಂಬುದರ ಇನ್ನೊಂದು ತುದಿಯಲ್ಲಿ ಯಾರಾದರೂ ಇರಲೇಬೇಕಲ್ಲ.

ರೈಲು ಬಂತು, ಬರದೇ ಇರಲಿಲ್ಲ. ಐದನೆಯ ವರ್ಷವಲ್ಲ, ಹದಿನೇಳನೆಯ ವರ್ಷ. ಅದೂ ನಮ್ಮ ಮನೆಯಿಂದ ಒಂದೂವರೆ ಕಿಲೋಮೀಟರ್ ಆಚೆ. ಕಾಗದದ ಮೇಲೆ ಆರು ಸೆಂಟಿಮೀಟರ್. ಹಳಿಯ ಜಾಡು ಯಾಕೆ ಸರಿಯಿತೆಂದು ಆ ಕಡೆ ಕೋಣೆಯ ಹಳೆಯ ಸಹೋದ್ಯೋಗಿಯನ್ನು ಕೇಳಿದೆ. “ನೀವು ಬರೆದ ಗೆರೆಯ ಮೇಲೆ ಜಮೀನಿನ ಬೆಲೆ ಮುಟ್ಟೋ ಹಾಗಿರಲಿಲ್ಲ ಮೇಡಂ. ಯೋಜನೆ ಪ್ರಕಟ ಆದ ಆರು ತಿಂಗಳಿಗೇ ಎಲ್ಲ ಕೈ ಬದಲಾಗಿತ್ತು. ಅಗ್ಗದ ಕಡೆ ತಿರುಗಿಸಿದ್ರು” ಎಂದ. ಗೆರೆಯ ಸುದ್ದಿಯೇ ಗೆರೆಯನ್ನು ಆಚೆ ತಳ್ಳಿತ್ತು. ಆ ಕೈ ಬದಲಾದ ಜಮೀನಿನಲ್ಲಿ ನನ್ನ ಸೈಟೂ ಒಂದು. ಬೈಯೋಣವೆಂದರೆ ಕನ್ನಡಿಯ ಮುಂದೆ ನಿಂತು ಬೈಯಬೇಕು.

ಆವತ್ತಿನಿಂದ ನನಗೆ ಈ ವಿಷಯದಲ್ಲಿ ಒಂದೇ ಹಟ. ಮನೆ ಎಲ್ಲಿ, ರೈಲು ಎಲ್ಲಿ ಎಂಬುದನ್ನು ಒಂದೇ ಹಾಳೆಯ ಮೇಲೆ ಬರೆಯಬೇಕು. ಆ ಹಾಳೆ ಹೊರಬಿದ್ದ ದಿನ ಏರುವ ಬೆಲೆ ಯಾರ ಜೇಬಿಗೆ ಎಂಬುದನ್ನು ಗೆರೆ ಎಳೆಯುವ ಮೊದಲೇ ತೀರ್ಮಾನಿಸಿರಬೇಕು. ಇದು ಆಗದ ಮಾತಲ್ಲ, ಆದ ಕಡೆಗಳಿವೆ.

ಡೆನ್ಮಾರ್ಕಿನ ರಾಜಧಾನಿ ಕೋಪನ್‌ಹೇಗನ್ನಿನವರು 1947ರಲ್ಲಿ ಒಂದು ಯೋಜನೆ ಮಾಡಿದರು. ಸ್ಟೀನ್ ಐಲರ್ ರಾಸ್ಮುಸೆನ್ ಮತ್ತು ಪೀಟರ್ ಬ್ರೆಡ್ಸ್‌ಡಾರ್ಫ್ ಅದರ ಹಿಂದಿದ್ದವರು. ಚಿತ್ರ ಒಂದು ಅಂಗೈ: ಹಳೆಯ ನಗರ ಅಂಗೈಯಾದರೆ ಐದು ಬೆರಳುಗಳು ಉಪನಗರ ರೈಲಿನ ಐದು ಸಾಲುಗಳು. ಹೊಸ ಮನೆಗಳೆಲ್ಲ ಬೆರಳಿನ ಮೇಲೆ, ಬೆರಳ ಸಂದಿಗಳಲ್ಲಿ ಹೊಲ, ಕಾಡು, ಬಯಲು. ಸರ್ಕಾರಿ ನಕ್ಷೆಗಳನ್ನು ಮೂವತ್ತು ವರ್ಷ ಬರೆದವಳಾಗಿ ಹೇಳುತ್ತೇನೆ, ನಾನು ನೋಡಿದ ಯೋಜನೆಗಳಲ್ಲೆಲ್ಲ ಅತ್ಯಂತ ಬುದ್ಧಿವಂತ ಚಿತ್ರ ಅದು. ಮೇಯರಿಗೂ ಅರ್ಥವಾಗುತ್ತದೆ, ಶಾಲೆಯ ಹುಡುಗನಿಗೂ. ಕೈ ಮುಂದೆ ಚಾಚಿದರೆ ಸಾಕು, ನಕ್ಷೆ ಬೇಡ. ಸಂದಿಯಲ್ಲಿ ಯಾರಾದರೂ ಲೇಔಟ್ ಮಾಡಹೊರಟರೆ ಬೆರಳುಗಳ ನಡುವೆ ತೊಗಲು ಬೆಳೆದ ಹಾಗೆ ಕಾಣುತ್ತದೆ, ಯಾರಿಗೂ ವಿವರಿಸಬೇಕಾಗಿಲ್ಲ. ಬರೀ ಚಿತ್ರದಿಂದಲೇ ಎಲ್ಲ ನಡೆಯಿತೆಂದೇನಲ್ಲ. 2007ರಲ್ಲಿ ಅದಕ್ಕೆ ರಾಷ್ಟ್ರಮಟ್ಟದ ಯೋಜನಾ ನಿರ್ದೇಶನದ ಬಲ ಕೊಟ್ಟರು. 1,500 ಚದರ ಮೀಟರಿಗಿಂತ ದೊಡ್ಡ ಕಚೇರಿ ಕಟ್ಟಡ ನಿಲ್ದಾಣದಿಂದ 600 ಮೀಟರಿನೊಳಗೇ ಬರಬೇಕು ಎಂಬ ನಿಯಮ ಅದರಲ್ಲಿದೆ. ಮನೆಯೊಂದೇ ಅಲ್ಲ, ಕೆಲಸದ ಜಾಗವೂ ವೃತ್ತದೊಳಗೆ. ನಾವು ಮನೆಗಳ ಹಳದಿಯ ಬಗ್ಗೆ ಮಾತ್ರ ತಲೆ ಕೆಡಿಸಿಕೊಂಡಿದ್ದೆವು. ಬೆಳಿಗ್ಗೆ ಎದ್ದು ಜನ ಹೋಗುವುದೆಲ್ಲಿಗೆ ಎಂಬುದು ಇನ್ನೂ ದೊಡ್ಡ ಪ್ರಶ್ನೆ.

ಇದನ್ನು ಅದಕ್ಕಿಂತಲೂ ಮೊದಲೇ ಕಂಡುಕೊಂಡವನು ಯೋಜನಾಧಿಕಾರಿಯಲ್ಲ, ಒಬ್ಬ ವ್ಯಾಪಾರಿ. ಜಪಾನಿನ ಇಚಿಜೊ ಕೊಬಾಯಾಶಿ. 1910ರಲ್ಲಿ ಒಸಾಕಾದ ಉಮೇದಾದಿಂದ ತಕರಾಜುಕಾ ಕಡೆಗೆ ಹಳಿ ಹಾಕಿದಾಗ ಆ ದಾರಿಯಲ್ಲಿ ಹೆಚ್ಚು ಜನ ಇರಲಿಲ್ಲ. ಅವನು ಹಳಿಯ ಪಕ್ಕದ ಜಮೀನನ್ನು ಮೊದಲೇ ಕೊಂಡು, ಇಕೆದಾ ಎಂಬಲ್ಲಿ ಮನೆಗಳನ್ನು ಕಟ್ಟಿ, ಸಂಬಳದ ಜನಕ್ಕೆ ತಿಂಗಳ ಕಂತಿನ ಮೇಲೆ ಮಾರಿದ. ಬೆಳಿಗ್ಗೆ ಎಲ್ಲರೂ ನಗರದ ಕಡೆ ಹೋದರೆ ಎದುರು ದಿಕ್ಕಿನ ರೈಲು ಖಾಲಿ ಓಡಬೇಕಲ್ಲ? ಅದಕ್ಕೆ ಆ ತುದಿಯ ತಕರಾಜುಕಾದಲ್ಲಿ ಸ್ನಾನದ ಮನೆ, ನಾಟಕ ಮಂಡಳಿ. ಈ ತುದಿಯ ಉಮೇದಾದಲ್ಲಿ 1929ಕ್ಕೆ ನಿಲ್ದಾಣದ ಮೇಲೆಯೇ ಡಿಪಾರ್ಟ್‌ಮೆಂಟ್ ಸ್ಟೋರ್. ಎರಡೂ ಕಡೆ ಸೀಟು ತುಂಬಿತು. ರೈಲಿನಿಂದ ಏರಿದ ಜಮೀನಿನ ಬೆಲೆ ರೈಲಿಗೇ ಬಂತು. ನಮ್ಮ ಎರಡು ಕೋಣೆಯ ಕಚೇರಿಯಲ್ಲಿ ಇವನನ್ನು ಯಾವ ಕೋಣೆಯಲ್ಲಿ ಕೂರಿಸುತ್ತಿದ್ದರೋ.

ಹಾಂಗ್‌ಕಾಂಗ್ ಇದನ್ನೇ ಸರ್ಕಾರಿ ಪದ್ಧತಿ ಮಾಡಿತು. ಅಲ್ಲಿ ಮೆಟ್ರೋ ರೈಲು ನಡೆಸುವ ಎಂಟಿಆರ್ ಕಂಪನಿಗೆ ನಿಲ್ದಾಣದ ಮೇಲೆ, ಅಕ್ಕಪಕ್ಕ ಕಟ್ಟುವ ಹಕ್ಕು ಸಿಗುತ್ತದೆ. ಅದಕ್ಕೆ ಕಂಪನಿ ಸರ್ಕಾರಕ್ಕೆ ಕೊಡುವುದು, ರೈಲೇ ಇಲ್ಲ ಎಂದಿಟ್ಟುಕೊಂಡು ಜಮೀನಿಗೆ ಕಟ್ಟಿದ ಬೆಲೆ. ರೈಲು ಬಂದ ಮೇಲಿನ ಬೆಲೆಗೂ ಅದಕ್ಕೂ ಇರುವ ವ್ಯತ್ಯಾಸದಿಂದ ಹಳಿಯ ಖರ್ಚು ಹುಟ್ಟುತ್ತದೆ. ಕಂಪನಿಯ ಬಹುಪಾಲು ಷೇರು ಸರ್ಕಾರದ್ದೇ. ರೈಲಿನ ಮಟ್ಟಿಗೆ ಚಪ್ಪಾಳೆ. ಮನೆಯ ಮಟ್ಟಿಗೆ ಮಾತ್ರ ಹಾಂಗ್‌ಕಾಂಗ್ ಲೋಕದ ಅತಿ ದುಬಾರಿ ಊರುಗಳಲ್ಲೊಂದು. ಹಳಿಯ ಖರ್ಚು ಹುಟ್ಟಿದರೆ ಅದರ ಪಕ್ಕದಲ್ಲಿ ಬಡವರಿಗೆ ಮನೆಯೂ ಹುಟ್ಟುತ್ತದೆ ಎಂದೇನೂ ಇಲ್ಲ. ಅದು ಬೇರೆಯೇ ನಿರ್ಧಾರ.

ಆ ನಿರ್ಧಾರಕ್ಕೆ ಆಸ್ಟ್ರಿಯಾದ ವಿಯೆನ್ನಾ ನೋಡಬೇಕು. 1923ರಲ್ಲಿ ವಸತಿ ತೆರಿಗೆ ಹಾಕಿ ನಗರವೇ ಬಾಡಿಗೆ ಮನೆ ಕಟ್ಟಲು ಹೊರಟಿತು. ಇವತ್ತು ನಗರಾಡಳಿತದ ಕೈಯಲ್ಲಿ ಸುಮಾರು 2,20,000 ಮನೆಗಳಿವೆ. ನನಗೆ ಇನ್ನೂ ಇಷ್ಟವಾದದ್ದು ಆಸ್ಪೆರ್ನ್ ಎಂಬಲ್ಲಿ ಹಳೆಯ ವಿಮಾನ ನಿಲ್ದಾಣದ ಬಯಲಿನ ಕತೆ. ಅಲ್ಲಿ ಹೊಸ ಬಡಾವಣೆ ಕಟ್ಟುವಾಗ ಮೆಟ್ರೋದ ಯು2 ಸಾಲನ್ನು 2013ರ ಅಕ್ಟೋಬರಿನಲ್ಲೇ ಅಲ್ಲಿಗೆ ಮುಟ್ಟಿಸಿದರು. ಮೊದಲ ನಿವಾಸಿಗಳು ಬಂದದ್ದು 2014ರಲ್ಲಿ. ಒಂದು ವರ್ಷ ರೈಲು ಬಯಲಿಗೆ ಓಡಿತು. ‘ಖಾಲಿ ಬಯಲಿಗೆ ಮೆಟ್ರೋ’ ಎಂದು ನಗುವುದು ಸುಲಭ. ಆದರೆ ಮನೆ ಬದಲಾಯಿಸಿದ ಮೊದಲ ವಾರದಲ್ಲಿ ಕಾರು ಕೊಳ್ಳಬೇಕಾಗಿ ಬಂದವರು ಆಮೇಲೆ ರೈಲು ಬಂದರೂ ಕಾರು ಮಾರುವುದಿಲ್ಲ. ನಾವು ಮಾರಲಿಲ್ಲ. ಸ್ವೀಡನ್ನಿನ ಸ್ಟಾಕ್‌ಹೋಮ್ ಕೂಡ ವೆಲ್ಲಿಂಗ್‌ಬ್ಯು ಎಂಬ ಉಪನಗರದಲ್ಲಿ ಹೀಗೇ ಮಾಡಿತ್ತು. ಸುರಂಗ ರೈಲು 1952ಕ್ಕೆ, ಊರ ಕೇಂದ್ರದ ಉದ್ಘಾಟನೆ 1954ಕ್ಕೆ. ಅಲ್ಲಿ ಜಮೀನಿನ ಬೆಲೆ ಹುಚ್ಚೇಳದಿದ್ದಕ್ಕೆ ಕಾರಣ ಸರಳ: 1904ರಿಂದಲೇ ನಗರ ಸುತ್ತಲಿನ ಜಮೀನು ಕೊಂಡಿಟ್ಟುಕೊಂಡಿತ್ತು. ಗೆರೆ ಎಳೆಯುವ ಕೈ, ಜಮೀನಿನ ಒಡೆತನದ ಕೈ ಎರಡೂ ಒಂದೇ.

ರೈಲೇ ಬೇಕೆಂದೇನೂ ಇಲ್ಲ, ಅದನ್ನೂ ಹೇಳಿಬಿಡುತ್ತೇನೆ. ಬ್ರೆಜಿಲಿನ ಕುರಿತೀಬಾ 1974ರಲ್ಲಿ ಬಸ್ಸಿಗೆ ಪ್ರತ್ಯೇಕ ಓಣಿ ಬಿಟ್ಟು, ಎತ್ತರದ ಕಟ್ಟಡಗಳಿಗೆ ಮುಖ್ಯವಾಗಿ ಆ ಓಣಿಗಳ ಅಂಚಿನಲ್ಲಿ ಅನುಮತಿ ಕೊಟ್ಟಿತು. ಮೇಲಿನಿಂದ ನೋಡಿದರೆ ಬಸ್ಸಿನ ದಾರಿ ಎಲ್ಲಿದೆ ಎಂದು ಕಟ್ಟಡದ ಎತ್ತರವೇ ಹೇಳುತ್ತದೆ. ವಾಹನ ಯಾವುದಾದರೇನು, ಎತ್ತರ ಮತ್ತು ಓಡಾಟ ಒಂದೇ ಗೆರೆಯ ಮೇಲಿದ್ದರೆ ಸಾಕು.

ಎತ್ತರ ಎಂದೊಡನೆ ನನ್ನದೊಂದು ಹಳೆಯ ಸಹಿ ನೆನಪಾಗಿ ಮುಜುಗರವಾಗುತ್ತದೆ. ಆ ಹಳೆಯ ಬಾಡಿಗೆ ಮನೆಯಲ್ಲಿದ್ದಾಗ, ನಿಲ್ದಾಣದಿಂದ ಆರು ನಿಮಿಷದ ನಮ್ಮ ಬೀದಿಯಲ್ಲಿ ಯಾರೋ ನಾಲ್ಕು ಮಹಡಿ ಕಟ್ಟಡಕ್ಕೆ ಅರ್ಜಿ ಹಾಕಿದ್ದರು. ಬೀದಿಯವರೆಲ್ಲ ಸೇರಿ ತಕರಾರು ಬರೆದೆವು. ಬಿಸಿಲು ಬರಲ್ಲ, ವಾಹನ ಹೆಚ್ಚಾಗುತ್ತೆ, ‘ಬೀದಿಯ ಸ್ವರೂಪ’ ಕೆಡುತ್ತೆ. ಅಕ್ಷರ ದುಂಡಗಿದೆಯೆಂದು ಬರೆದವಳೂ ನಾನೇ. ಕಟ್ಟಡ ನಿಂತುಹೋಯಿತು. ಎರಡು ವರ್ಷಕ್ಕೆ ಅದೇ ಬೀದಿಯಲ್ಲಿ ಬಾಡಿಗೆ ಕೊಡಲಾಗದೆ ನಾವು ಊರಾಚೆ ಹೋದೆವು. ಆ ಕಟ್ಟಡದಲ್ಲಿ ಬರಬಹುದಾಗಿದ್ದ ಹದಿನಾರು ಮನೆಗಳಲ್ಲಿ ಒಂದು ನಮ್ಮದಾಗುತ್ತಿತ್ತೋ ಏನೋ. ನಿಲ್ದಾಣದ ಹತ್ತಿರ ಮನೆ ಬೇಕು ಎನ್ನುವವರೂ ನಾವೇ, ಹತ್ತಿರ ಮನೆ ಬೇಡ ಎಂದು ಸಹಿ ಹಾಕುವವರೂ ನಾವೇ. ಒಳಗಿದ್ದಾಗ ಒಂದು ಬುದ್ಧಿ, ಹೊರಗಿದ್ದಾಗ ಒಂದು ಬುದ್ಧಿ. ಊರಾಚೆ ಹೋಗಬೇಕಾದವರು ಆ ತಕರಾರು ಸಭೆಗೆ ಬರುವುದಿಲ್ಲ. ಅವರಿಗೆ ತಾವು ಹೊರಬೀಳುತ್ತೇವೆಂದು ಆಗ ಗೊತ್ತೇ ಇರುವುದಿಲ್ಲ.

ವಾಹನ ನಿಲುಗಡೆಯದೂ ಇದೇ ಗೋಳು. ಒಂದು ಕಾರು ನಿಲ್ಲಿಸಲು, ತಿರುಗಿಸುವ ಜಾಗವೂ ಸೇರಿ, 25ರಿಂದ 30 ಚದರ ಮೀಟರ್ ಬೇಕು. ಇಬ್ಬರು ಮಲಗುವ ಕೋಣೆ ಅದಕ್ಕಿಂತ ಚಿಕ್ಕದು. ನಿಲ್ದಾಣದ ಪಕ್ಕದ ಮನೆಗೂ ಕಡ್ಡಾಯವಾಗಿ ಕಾರಿನ ಜಾಗ ಕಟ್ಟಿಸಿ ಎಂದರೆ, ಕಾರಿಲ್ಲದವನೂ ಕಾರಿನ ಕೋಣೆಗೆ ಕಂತು ಕಟ್ಟುತ್ತಾನೆ. ಮೆಕ್ಸಿಕೋ ಸಿಟಿ 2017ರಲ್ಲಿ ಈ ನಿಯಮವನ್ನು ತಿರುವಿಹಾಕಿತು. ‘ಕನಿಷ್ಠ ಇಷ್ಟು’ ಎಂಬುದು ಹೋಗಿ ‘ಗರಿಷ್ಠ ಇಷ್ಟು’ ಬಂತು. ರಸ್ತೆ ಅಗಲಿಸುವವರ ಬಗ್ಗೆ ನಾನು ಹೆಚ್ಚು ಬರೆಯುವುದಿಲ್ಲ, ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವವಳು. ದಟ್ಟಣೆಯ ಹೊತ್ತಿನಲ್ಲಿ ರಸ್ತೆ ಎಷ್ಟು ಅಗಲಿಸಿದರೂ ತುಂಬುತ್ತದೆ ಎಂದು ಅಮೆರಿಕದ ಅರ್ಥಶಾಸ್ತ್ರಜ್ಞ ಆಂಥೊನಿ ಡೌನ್ಸ್ 1962ರಲ್ಲೇ ಬರೆದಿದ್ದಾರೆ. ಓದದವರು ಇನ್ನೂ ಅಗಲಿಸುತ್ತಿದ್ದಾರೆ.

ಇನ್ನೊಂದು ಗೋಡೆ ಇದೆ, ಕೋಣೆಗಳ ನಡುವಿನದಲ್ಲ, ಊರೂರುಗಳ ನಡುವಿನದು. ಮಹಾನಗರ ಎಂದರೆ ಒಂದು ಆಡಳಿತವಲ್ಲ. ನಗರಸಭೆ, ಪುರಸಭೆ, ಹಳ್ಳಿಗಳು ಎಲ್ಲ ಸೇರಿ ಹತ್ತಾರು. ಪ್ರತಿಯೊಬ್ಬರಿಗೂ ತೆರಿಗೆ ತರುವ ಕಚೇರಿ ಸಂಕೀರ್ಣ ತಮ್ಮಲ್ಲಿರಲಿ, ಶಾಲೆ, ನೀರು ಕೇಳುವ ಮನೆಗಳು ಪಕ್ಕದವರಲ್ಲಿರಲಿ ಎಂಬಾಸೆ. ನಮ್ಮ ನಕ್ಷೆಗಳು ಆಡಳಿತದ ಗಡಿಯಲ್ಲಿ ಬಣ್ಣ ನಿಲ್ಲಿಸಿಬಿಡುತ್ತಿದ್ದವು. ಗಡಿಯಾಚೆ ಬಿಳಿ ಹಾಳೆ, ಅಲ್ಲಿ ಜನರೇ ಇಲ್ಲವೇನೋ ಎಂಬಂತೆ. ಅಮೆರಿಕದ ಮಿನ್ನಿಯಾಪೊಲಿಸ್, ಸೇಂಟ್ ಪಾಲ್ ಜೋಡಿನಗರಗಳಿಗೆ 1967ರಲ್ಲಿ ಒಂದು ಮೆಟ್ರೋಪಾಲಿಟನ್ ಕೌನ್ಸಿಲ್ ಬಂತು. 1971ರಲ್ಲಿ ಅದಕ್ಕಿಂತ ಜಾಣತನದ ಕಾನೂನೊಂದು ಬಂತು: ಅಲ್ಲಿಂದಾಚೆ ಯಾವ ಊರಿನಲ್ಲೇ ವಾಣಿಜ್ಯ, ಕೈಗಾರಿಕೆಗಳ ತೆರಿಗೆಯ ಮೂಲ ಬೆಳೆದರೂ ಆ ಬೆಳವಣಿಗೆಯ ಶೇಕಡಾ 40 ಎಲ್ಲ ಊರುಗಳಿಗೂ ಹಂಚಿಕೆ. ಕಚೇರಿ ಪಕ್ಕದೂರಿಗೆ ಹೋದರೂ ನಮಗೊಂದು ಪಾಲು ಎಂದಾದಾಗ ಜಗಳದ ಕಾವು ಇಳಿಯುತ್ತದೆ. ಟಿಕೆಟ್ಟಿನ ಮಟ್ಟಿಗೆ ಜರ್ಮನಿಯ ಹ್ಯಾಂಬರ್ಗ್ 1965ರಲ್ಲಿ ಬಸ್ಸು, ರೈಲು, ದೋಣಿ ನಡೆಸುವವರನ್ನು ಒಂದು ಕೂಟಕ್ಕೆ ಸೇರಿಸಿ, ಆಮೇಲೆ ಒಂದೇ ಟಿಕೆಟ್ ಮಾಡಿತು. ನಾನು ನನ್ನ ಎರಡು ಬಸ್ಸಿಗೆ ಎರಡು ಪಾಸು ಇಟ್ಟುಕೊಂಡು ಹತ್ತೊಂಬತ್ತು ವರ್ಷ ಓಡಾಡಿದೆ, ಒಂದು ನೀಲಿ, ಒಂದು ಕೆಂಪು. ಮಳೆಯಲ್ಲಿ ಯಾವಾಗಲೂ ಬೇಡದ್ದೇ ಮೊದಲು ಕೈಗೆ ಬರುತ್ತಿತ್ತು.

ಭಾನುವಾರದ ಮಾತಿಗೆ ಬರುತ್ತೇನೆ.

ಬೆಳಿಗ್ಗೆ ಏಳಕ್ಕೇ ಇಬ್ಬರೂ ಆ ಜಾಗಕ್ಕೆ ಹೋದೆವು. ತಗಡಿನ ಬೇಲಿ, ಒಳಗೆ ಕ್ರೇನು, ಹೊರಗೆ ಅದೇ ನೀಲಿ ಆಕಾಶದ ದೊಡ್ಡ ಫಲಕ. ಜಪಾನಿನಲ್ಲಿ ಮನೆಯ ಜಾಹೀರಾತಿಗೊಂದು ನಿಯಮ ಇದೆಯೆಂದು ಅವಳಿಗೆ ಹೇಳಿದೆ: ‘ನಿಲ್ದಾಣದಿಂದ ಇಷ್ಟು ನಿಮಿಷ’ ಎಂದು ಬರೆಯಬೇಕಾದರೆ 80 ಮೀಟರಿಗೆ ಒಂದು ನಿಮಿಷದಂತೆ ನಡೆಯುವ ದಾರಿ ಅಳೆದು ಬರೆಯಬೇಕು, ಉಳಿದ ಚೂರನ್ನೂ ಒಂದು ನಿಮಿಷವೆಂದೇ ಹಿಡಿಯಬೇಕು. “ಹಾಗಾದ್ರೆ ಇವರ ಐದು ನಿಮಿಷ ಅಂದ್ರೆ ನಾನೂರು ಮೀಟರ್ ದೊಡ್ಡಮ್ಮ” ಎಂದು ಫೋನಿನಲ್ಲಿ ಗಡಿಯಾರ ಒತ್ತಿದಳು.

ಗೇಟಿನಿಂದ ಹೊರಟೆವು. ನೇರ ದಿಕ್ಕಿನಲ್ಲಿ ಒಂದು ಕಾರ್ಖಾನೆಯ ಕಾಂಪೌಂಡು. ಅದರ ಗೋಡೆ ಸವರಿಕೊಂಡು ಬಲಕ್ಕೆ ಹೋಗಬೇಕಾಯಿತು. ನಾಲ್ಕನೆಯ ನಿಮಿಷಕ್ಕೂ ಗೋಡೆ, ಏಳನೆಯ ನಿಮಿಷಕ್ಕೂ ಗೋಡೆ. ಆಮೇಲೆ ಪಾದಚಾರಿ ದಾರಿಯೇ ಇಲ್ಲದ ದೊಡ್ಡ ರಸ್ತೆ, ದಾಟಲು ನಿಂತೆವು. ನನ್ನ ಮಂಡಿಗೆ ಒಂದು ವಿರಾಮ. ಆಚೆ ದಡದಲ್ಲಿ ಒಂದು ಇಳಿಜಾರು. ‘ಉದ್ದೇಶಿತ’ ನಿಲ್ದಾಣದ ಜಾಗದಲ್ಲಿ ಮುಳ್ಳುಗಿಡಗಳ ನಡುವೆ ಸರ್ವೆಯವರು ನೆಟ್ಟ ಒಂದು ಕಲ್ಲು, ಅದಕ್ಕೆ ಬಳಿದ ಕೆಂಪು ಬಣ್ಣ ಅರ್ಧ ಹೋಗಿತ್ತು. ಗಡಿಯಾರ ಹತ್ತೊಂಬತ್ತು ನಿಮಿಷ ತೋರಿಸುತ್ತಿತ್ತು. ಮಂಡಿಯ ಎರಡು ನಿಮಿಷ ಕಳೆದು ಹದಿನೇಳು ಎಂದು ಬರೆದುಕೊಂಡಳು.

ನೇರ ಗೆರೆಯಲ್ಲಿ ಅಳೆದರೆ ನಾನೂರು ಮೀಟರೇ ಇರಬಹುದು, ಸುಳ್ಳೇನಲ್ಲ. ನಕ್ಷೆಯ ಮೇಲೆ ಕಾಗೆ ಹಾರುತ್ತದೆ, ನೆಲದ ಮೇಲೆ ಗೋಡೆ ಸುತ್ತಬೇಕು. ಕೈವಾರದ ವೃತ್ತಗಳನ್ನು ಎಳೆದ ಆ ಸಂಜೆ ನಾನೂ ಇದನ್ನು ಮರೆತಿದ್ದೆ.

ಕಲ್ಲಿನ ಪಕ್ಕ ನಿಂತು ಅವಳಿಗೆ ಮೂರು ಮಾತು ಹೇಳಿದೆ. ಈ ಮಾರ್ಗಕ್ಕೆ ಹಣ ಮಂಜೂರಾಗಿದೆಯೋ ಕೇಳು. ಜಮೀನು ವಶಕ್ಕೆ ಬಂದಿದೆಯೋ ಕೇಳು. ಇವತ್ತು, ರೈಲಿಲ್ಲದೆ, ಈ ಗೇಟಿನ ಮುಂದೆ ಬೆಳಿಗ್ಗೆ ಎಂಟರಿಂದ ಒಂಬತ್ತರ ನಡುವೆ ಎಷ್ಟು ಬಸ್ಸು ನಿಲ್ಲುತ್ತವೆಂದು ಒಂದು ದಿನ ನಿಂತು ಎಣಿಸು. ಆ ಬಸ್ಸಿನಲ್ಲಿ ಹತ್ತು ವರ್ಷ ಬದುಕಲು ಆಗುತ್ತದೆ ಎನಿಸಿದರೆ ಕೊಳ್ಳು.

ಅವಳು ಅಲ್ಲೇ ಮಾರಾಟದವರಿಗೆ ಫೋನ್ ಮಾಡಿ ಸ್ಪೀಕರ್ ಹಾಕಿದಳು. ಹಣ, ಜಮೀನು ಎರಡೂ ಪ್ರಶ್ನೆಗೆ “ಚೆಕ್ ಮಾಡಿ ಹೇಳ್ತೀನಿ ಮೇಡಂ” ಎಂದ. ನನಗೆ ತಡೆಯಲಾಗಲಿಲ್ಲ. “ಅಪ್ಪಾ, ಮಾಸ್ಟರ್ ಪ್ಲಾನಿನಲ್ಲಿ ಆ ಗೆರೆ ಅಖಂಡ ಇದೆಯೋ, ಚುಕ್ಕೆ ಚುಕ್ಕೆ ಇದೆಯೋ?” ಎಂದು ಬಾಗಿ ಕೇಳಿದೆ.

ಆಚೆ ಕಡೆ ಕಾಗದ ಮಗುಚುವ ಸದ್ದು. “ನಮ್ಮ ಬ್ರೋಷರಲ್ಲಿ ಅಖಂಡ ಇದೆ ಮೇಡಂ” ಎಂದ.